ಕರಿಯ ಕಾರಿಗೆ ಬಿಳಿ ಟೈರು

ನಮ್ಮ ಹಳೆಯ ಕಾರಿಗೆ ಬಿಳಿ ಟೈರು ಒಪ್ಪುವುದಿಲ್ಲ. ಯಾರು ಏನೇ ಅನ್ನಲಿ, ನನ್ನ ಮಾತು ಇಷ್ಟೇ. ಪೂರ್ತಿ ಬಿಳಿಯಲ್ಲ, ಟೈರಿನ ಹೊರಮಗ್ಗುಲಿಗೆ ಬಳೆಯ ಹಾಗೆ ಸುತ್ತಲೂ ಬಿಳಿ ಪಟ್ಟಿ ಇರುತ್ತದಲ್ಲ, ಅದರ ಬಗ್ಗೆ ಹೇಳುತ್ತಿದ್ದೇನೆ. ಅರಮನೆಯ ಮುಂದೆ ನಿಲ್ಲುತ್ತಿದ್ದ ಉದ್ದನೆಯ ಕಾರುಗಳಿಗೆ ಅದು ಚೆಂದ ಕಂಡೀತು. ನಮ್ಮ ಮನೆಯದು ಕರಿಯ ಅಂಬಾಸಿಡರ್. ಗೂನು ಬೆನ್ನಿನ, ಬಾಡಿಗೆಗೆ ದುಡಿದು ದುಡಿದು ಸವೆದ ಗಾಡಿ. ಅದಕ್ಕೆ ಬಿಳಿ ಟೈರು ಹಾಕುವುದೆಂದರೆ ಕಚ್ಚೆ ಧೋತರ ಉಟ್ಟ ಹಿರಿಯರ ಕಾಲಿಗೆ ಸಾಲಿ ಹುಡುಗರ ಬಿಳಿ ಬೂಟು ತೊಡಿಸಿದ ಹಾಗೆ.

ಈ ಜಗಳ ಶುರು ಮಾಡಿದ್ದು ಅಪ್ಪ. ಬೈಲಹೊಂಗಲದಲ್ಲಿ ಆ ಕಾರು ಓಡಿಸಿಯೇ ನನ್ನನ್ನೂ ತಮ್ಮನನ್ನೂ ಬೆಳೆಸಿದವನು. ಹೆರಿಗೆಗೆ ತವರಿಗೆ ಹೊರಟವರು, ಕಿತ್ತೂರಿಗೆ ಹೆಣ್ಣು ನೋಡಲು ಹೊರಟವರು, ಯಲ್ಲಮ್ಮನ ಗುಡ್ಡಕ್ಕೆ ಹೊರಟವರು, ರಾಮದುರ್ಗದ ಬೀಗರು, ಎಲ್ಲರೂ ಅದರಲ್ಲಿ ಕುಳಿತೆದ್ದವರೇ. ನನಗೆ ಗಾಡಿ ಕಲಿಸಿದವನೂ ಅಪ್ಪನೇ. ಹೆಣ್ಣುಮಗಳ ಕೈಗೆ ಸ್ಟೇರಿಂಗ್ ಕೊಟ್ಟನೆಂದು ಓಣಿಯವರು ಆಡಿಕೊಂಡಾಗ, "ಗಾಡಿಗೇನ ಗೊತ್ತಾಗತೈತ್ರಿ, ನಡಸಾವ್ರು ಗಂಡಸೋ ಹೆಂಗಸೋ ಅಂತ?" ಅಂದು ಅವರ ಬಾಯಿ ಮುಚ್ಚಿಸಿದ್ದ. ಹಾಗೆಂದು ನನಗೆ ಸಲುಗೆ ಕೊಟ್ಟವನಲ್ಲ. ನಾವಿಬ್ಬರೂ ಪ್ರತಿಯೊಂದಕ್ಕೂ ಜಗಳಕ್ಕೆ ನಿಲ್ಲುತ್ತಿದ್ದೆವು. ಗೇರು ಬದಲಿಸುವುದಕ್ಕೆ, ರೊಟ್ಟಿ ದಪ್ಪವಾದದ್ದಕ್ಕೆ, ಮತ ಹಾಕುವುದಕ್ಕೆ. ಅವನು ನನ್ನ ಮಾತಿಗೆ ಸುಮ್ಮನೆ ಹೂಂ ಅಂದವನಲ್ಲ, ನಾನೂ ಅಂದವಳಲ್ಲ. ಅಪ್ಪ ನನ್ನನ್ನು ಎಷ್ಟು ಪ್ರೀತಿಸುತ್ತಾನೆ ಎಂಬುದು ನನಗೆ ತಿಳಿಯುತ್ತಿದ್ದದ್ದೇ ಅವನು ವಾದಕ್ಕೆ ಕೂತಾಗ.

ಆಮೇಲೆ ಅವನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದದ್ದೂ ಉಳಿಯುವ ಭರವಸೆ ಇಲ್ಲ ಎಂದರು ಡಾಕ್ಟರು. ಅಪ್ಪ ಅದನ್ನು ಕೇಳಿ ಬಂದು, ಸ್ಟೇರಿಂಗ್ ನನಗೆ ಬಿಟ್ಟು ಪಕ್ಕದ ಸೀಟಿಗೆ ಹತ್ತಿದ. ಕೆಲವು ದಿನಗಳ ಮೇಲೆ ಬೆಳಿಗ್ಗೆ ಅಂಗಳದಲ್ಲಿ ನಡೆಯುತ್ತ ಹೋಗಿ ತನ್ನ ಕಾರಿಗೇ ಬಡಿದುಕೊಂಡ. ಮೊಣಕಾಲು ತರಚಿತು.

"ಯಾರು ಇದನ್ನ ಇಲ್ಲಿ ನಿಲ್ಲಿಸ್ಯಾರು?" ಅಂದ. ಅದು ಅವನೇ ವರ್ಷಾನುಗಟ್ಟಲೆ ನಿಲ್ಲಿಸುತ್ತಿದ್ದ ಜಾಗ.

ಅವತ್ತು ಸಂಜೆ ಕಟ್ಟೆಯ ಮೇಲೆ ಕೂತು ಹೇಳಿದ: "ಗಾಡಿಗೆ ಬಿಳಿ ಟೈರು ಹಾಕಸ್ರಿ. ಕರೀದು ನನಗ ಕಾಣವಲ್ದು. ಬಿಳೀದು ಇನ್ನೂ ಕಾಣತೈತಿ."

ಅದನ್ನು ಕೇಳಿ ನಾನು ಹೂಂ ಅನ್ನಬೇಕಿತ್ತು. ಆದರೆ ನನ್ನ ಬಾಯಿ ಎಂದು ಸುಮ್ಮನಿದ್ದೀತು?

"ಕಾಣಬೇಕಂದ್ರ ಬಂಪರಿಗೆ ಬಿಳಿ ಬಣ್ಣ ಹೊಡಸೂಣು. ಟೈರಿಗೆ ಬ್ಯಾಡಪ್ಪಾ, ಒಪ್ಪಂಗಿಲ್ಲ."

"ಬಂಪರ್ ತಿರಗತೈತೇನು?" ಅಂದ ಅಪ್ಪ. "ಇರೂ ತನಕಾ ನನಗ ಗಾಲಿ ತಿರಗೂದು ಕಾಣಬೇಕು."

ದೊಡವಾಡದ ಹೊಲ ನೋಡಿಕೊಳ್ಳುವ ತಮ್ಮ ಅಂದು ಮನೆಗೆ ಬಂದಿದ್ದ. ಅವನು ಅಪ್ಪನ ಕಡೆ ನಿಂತ. "ಕರೀ ಹಣಿಗೆ ವಿಭೂತಿ ಹಚ್ಚಿದಂಗ ಕಾಣತೈತಿ ಬಿಡಕ್ಕಾ" ಅಂದ. ಅಂದವನು ಟೈರಿನ ಅಂಗಡಿಗಾದರೂ ಹೋದನೇ? ಇಲ್ಲ. ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಹಚ್ಚಿ ಉಳಿದ ಬಿಳಿ ಬಣ್ಣದ ಡಬ್ಬಿ ತಂದು, ನಾಲ್ಕೂ ಟೈರಿಗೆ ಸುತ್ತಲೂ ಬಳಿದುಬಿಟ್ಟ. ಅಪ್ಪ ಕಟ್ಟೆಯಿಂದ ನೋಡಿ, "ಹಾಂ, ಈಗ ಗಾಡಿ ಬಂತು ನೋಡು ಮನಿಗೆ" ಅಂದ. ಅವನ ಮುಖ ಕಂಡು ನಾನೂ ಬೈಯುವುದನ್ನು ನುಂಗಿಕೊಂಡೆ.

ಮರುದಿನ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸವದತ್ತಿಗೆ ಹೊರಟೆ. ಕೋಡು ಬಾಗುವುದಿಲ್ಲ, ಟೈರು ಬಾಗುತ್ತದೆ. ಇಷ್ಟು ತಿಳಿಯದ ಬುದ್ಧಿವಂತ ನನ್ನ ತಮ್ಮ! ಊರು ಮುಟ್ಟುವಷ್ಟರಲ್ಲಿ ಬಣ್ಣ ಬಿರಿದು ಹಕ್ಕಳೆ ಎದ್ದು ಉದುರಿತ್ತು. ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದವನೊಬ್ಬ ಕೂಗಿದ: "ಏನ್ರೀ ಅಕ್ಕಾರ, ಗಾಡಿಗೆ ಹುಳಕಡ್ಡಿ ಆಗೇತೇನು?"

"ಏನಂದಾ?" ಎಂದು ಅಪ್ಪ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅಪ್ಪ ಡ್ಯಾಶ್‌ಬೋರ್ಡು ಬಡಿದು ನಕ್ಕ. ಆದರೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತವನು ಬಹಳ ಹೊತ್ತು ಅಂಗಳದ ಕಡೆ ಮುಖ ಮಾಡಿ, ಗಾಲಿಗಳನ್ನು ಹುಡುಕುತ್ತ ಹುಡುಕುತ್ತ ಕೊನೆಗೆ ಎದ್ದು ಒಳಗೆ ಹೋದ. ಆಗ ನನಗೆ ಟೈರು ಒಪ್ಪುತ್ತದೋ ಬಿಡುತ್ತದೋ ಎಂಬುದೆಲ್ಲ ಮರೆತುಹೋಯಿತು.

ಬಸ್ ಸ್ಟ್ಯಾಂಡಿನ ಹತ್ತಿರ ಅಪ್ಪನ ಗಾಡಿಗೆ ಮೊದಲಿನಿಂದ ಟೈರು ಹಾಕುತ್ತಿದ್ದ ಸಾಹೇಬರೊಬ್ಬರಿದ್ದಾರೆ. ಅವರು ಹುಬ್ಬಳ್ಳಿಯಿಂದ ಬಿಳಿ ರಬ್ಬರಿನ ಬಳೆಗಳನ್ನು ತರಿಸಿ, ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿಸಿ ಕೂರಿಸಿದರು. "ಹಾಕೂದು ನಮ್ಮ ಕೆಲಸ. ಈ ಎರಿ ಮಣ್ಣಿನ್ಯಾಗ ಬೆಳ್ಳಗ ಇಡೂದು ನಿಮ್ಮ ಕೆಲಸ ನೋಡ್ರಿ ಅಕ್ಕಾರ" ಅಂದರು.

ಸುಳ್ಳಲ್ಲ. ಸವದತ್ತಿಯ ಕಡೆ ಹೋದರೆ ಕರಿಯ ಕೆಸರು, ಕಿತ್ತೂರಿನ ಕಡೆ ಹೋದರೆ ಕೆಂಪು. ಬಂದ ಕೂಡಲೇ ಗೊಣಗುತ್ತ ಸೋಪು ಹಚ್ಚಿ ತಿಕ್ಕುತ್ತಿದ್ದೆ. "ಚಂದ ಇಲ್ಲಾ, ಚಾಕರಿ ಬ್ಯಾರೆ" ಎಂದರೆ ಅಪ್ಪ, "ನಿನಗ ಕಣ್ಣೈತಿ, ದೃಷ್ಟಿ ಇಲ್ಲಾ" ಎನ್ನುತ್ತಿದ್ದ. ಆಮೇಲೆ ನಾನು ಕೆಲಸವಿಲ್ಲದಿದ್ದರೂ ಕಾರನ್ನು ಓಣಿಯ ತುದಿಯವರೆಗೆ ಒಯ್ದು ನಿಧಾನವಾಗಿ ತಿರುಗಿಸಿಕೊಂಡು ಬರುತ್ತಿದ್ದೆ. ಅಪ್ಪ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತು, ಗಾಲಿ ತಿರುಗುವುದನ್ನು ನೋಡುತ್ತಿದ್ದ.

ಮಳೆಗಾಲದಲ್ಲಿ ಒಂದು ದಿನ ನಾನು ಕಾರು ತಂದು ಎದುರಿಗೆ ನಿಲ್ಲಿಸಿದರೂ ಅವನ ಮುಖ ಬೇರೆ ಕಡೆ ಇತ್ತು. ಸದ್ದು ಕೇಳಿದ ಮೇಲೆ ಇತ್ತ ತಿರುಗಿದ. ಬಿಳಿಯೂ ಹೋಗಿತ್ತು.

ಅಲ್ಲಿಂದ ಮುಂದೆ ಎಲ್ಲರ ದನಿ ಮೆತ್ತಗಾಯಿತು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಅಪ್ಪ ಅಂದರೆ ಹೌದು, ಕಡಿಮೆಯಾಗಿದೆ ಎಂದರೂ ಹೌದು. ಬಂದವರೆಲ್ಲ ಅವನ ಕೈ ಹಿಡಿದು, ಅವನು ಅಂದದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ನಾನೂ ಹಾಗೇ ಆದೆ. ಕುರುಡಾದ ತಂದೆಯ ಜೊತೆ ಯಾವ ಮಗಳು ಜಗಳ ತೆಗೆದಾಳು? ಅಪ್ಪನೂ ಮಾತು ಬಿಟ್ಟ. ಕಣ್ಣು ಹೋದಾಗಲೂ ಕುಗ್ಗದವನು ನಮ್ಮ ಹೂಂ ಹೂಂ ಕೇಳಿ ಕೇಳಿ ಕುಗ್ಗಿಹೋದ. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು, ಯಾಕೆ ಹೀಗಾಗುತ್ತಿದೆ ಎಂದು ಮಾತ್ರ ಆಗ ತಿಳಿಯುತ್ತಿರಲಿಲ್ಲ.

ಕಳೆದ ತಿಂಗಳು ರಾಮದುರ್ಗಕ್ಕೆ ಹೋಗಿ ಬಂದೆ. ದಾರಿಯುದ್ದ ಮಳೆ. ಅಂಗಳದಲ್ಲಿ ಕಾರು ನಿಲ್ಲಿಸಿದಾಗ ತಮ್ಮನೂ ಬಂದಿದ್ದ. ಅಪ್ಪ ಗೋಡೆ ಹಿಡಿದು ಕಟ್ಟೆ ಇಳಿದು ಬಂದು, ಮುಂದಿನ ಗಾಲಿಯ ಹತ್ತಿರ ಕೂತು, ಅಂಗೈಯಿಂದ ಟೈರನ್ನು ಸವರಿದ. ಕೈಗೆಲ್ಲ ಕೆಸರಾಯಿತು.

"ಒಂದ ಮಾತು ಕೇಳ್ತೇನಿ" ಅಂದ. "ಈ ಬಿಳಿ ಟೈರು ನಮ್ಮ ಗಾಡಿಗೆ ಒಪ್ಪತಾವೇನು?"

"ಬಾಳ ಚೊಲೋ ಒಪ್ಪತಾವಪ್ಪಾ" ಅಂದ ತಮ್ಮ, ಥಟ್ಟನೆ.

"ನಿನಗ ಕೇಳಿಲ್ಲ" ಅಂದ ಅಪ್ಪ. ಮುಖವನ್ನು ನನ್ನ ದನಿ ಬರಬಹುದಾದ ಕಡೆಗೆ ಎತ್ತಿ ಹಿಡಿದು ಕಾದ.

ತಮ್ಮ ನನ್ನ ಕಡೆ ನೋಡಿ, ಹೂಂ ಅನ್ನು ಎಂದು ಕೈಸನ್ನೆ ಮಾಡುತ್ತಿದ್ದ. ಅಂಬಾಸಿಡರಿನ ಗಾಲಿಗಳು ಕೆಸರು ಮೆತ್ತಿಕೊಂಡು ನಿಂತಿದ್ದವು.

"ಇಲ್ಲಪ್ಪಾ" ಅಂದೆ. "ಒಟ್ಟ ಒಪ್ಪಂಗಿಲ್ಲ. ಅವತ್ತೂ ಒಪ್ಪಿರಲಿಲ್ಲ, ಇವತ್ತೂ ಒಪ್ಪವಲ್ಲವು."

ತಮ್ಮ ಹಣೆ ಬಡಿದುಕೊಂಡ. ಅಪ್ಪನ ಭುಜ ಕುಲುಕಿತು. ಎಷ್ಟೋ ತಿಂಗಳ ಮೇಲೆ ಆ ನಗೆ ಕೇಳಿದೆ.

"ನಿನಗೇನ ತಿಳೀತೈತಿ ಗಾಡಿ ಬಗ್ಗೆ?" ಎಂದು ದನಿ ಏರಿಸಿದ. "ಗೇರ್ ಹಾಕಾಕ ಬರತಿರಲಿಲ್ಲ ನಿನಗ! ಕಲಿಸಿದಾವ ನಾನು!"

"ಕಲಿಸಿದ್ರ ಕಲಿಸಿದಿ. ಒಪ್ಪಂಗಿಲ್ಲ ಅಂದ್ರ ಒಪ್ಪಂಗಿಲ್ಲ."

ಅವತ್ತು ಅಂಗಳದಲ್ಲಿ, ಕೆಸರು ಕೈಯಲ್ಲೇ ನಿಂತು, ಒಳಗೆ ಚಹಾ ಆರಿ ತಣ್ಣಗಾಗುವವರೆಗೆ ಅಪ್ಪ ನನ್ನ ಜೊತೆ ಜಗಳಾಡಿದ.