ಅಬಾಳ ಕುರ್ಚಿಯಲ್ಲಿ ವರ್ಲೀನ್

ವರ್ಲೀನ್ ಡೆಟ್ರಾಯಿಟ್‌ನಲ್ಲಿ ಸಿಟಿ ಬಸ್ಸು ಓಡಿಸಿ ನಿವೃತ್ತಳಾದವಳು. ಯಾವ ಅಂಗಡಿಗೆ ಹೋದರೂ ಕಪ್ಪು ಬಣ್ಣ ಕಂಡು ಕಾವಲುಗಾರ ಬೆನ್ನಿಗೆ ಬೀಳುವ ಆ ಊರು ಸಾಕಾಗಿ, ತನ್ನನ್ನು ಯಾರೂ ತಿರುಗಿ ನೋಡದ ಕಡೆ ಇರಬೇಕೆಂದು ಘಾನಾದ ಸಾಲ್ಟ್‌ಪಾಂಡಿಗೆ ಬಂದು, ಕಡಲ ಹತ್ತಿರ ಎಫುವಾಳ ಮನೆಯಲ್ಲಿ ಬಾಡಿಗೆಗಿದ್ದಳು. ಮೊದಲ ಬೆಳಿಗ್ಗೆಯೇ ಓಣಿಯ ಮಕ್ಕಳೆಲ್ಲ "ಒಬ್ರೂನಿ, ಒಬ್ರೂನಿ" ಎಂದು ಹಿಂದೆ ಬಿದ್ದವು.

"ಹಂಗಂದ್ರೇನು?"

"ಬಿಳಿಯೋಳು ಅಂತ," ಎಂದಳು ಎಫುವಾ, ಮೀನಿಗೆ ಹೊಗೆ ಕೊಡುತ್ತ.

"ನಾನಾ? ನನ್ನ ಮುಖ ನೋಡಿದ್ದೀಯಾ?"

"ಮುಖ ಯಾರ್ ನೋಡ್ತಾರಕ್ಕ, ನಡಿಗೆ ನೋಡ್ತಾರೆ."

ಹುಟ್ಟಿದಾಗಿನಿಂದ ಕಪ್ಪಗಿದ್ದವಳು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ಬಿಳಿಯಳಾಗಿದ್ದಳು. ಒಂದಷ್ಟು ದಿನ ನಡಿಗೆ ತಿದ್ದಿಕೊಳ್ಳಲು ನೋಡಿದಳು, ಸೊಂಟ ಹಿಡಿದುಕೊಂಡಿತು.

ಆ ಮಳೆಗಾಲದಲ್ಲಿ ಎಫುವಾಳ ಸೋದರಮಾವ ತೀರಿಕೊಂಡ. ಅವನ ತಂಗಿ ಅಬಾ ಹಾಲೆಂಡಿಗೆ ಹೋದವಳು, ಸುದ್ದಿಯೇ ಇರಲಿಲ್ಲ. ಮಣ್ಣು ಮಾಡುವ ದಿನ ಒಡಹುಟ್ಟಿದವರ ಸಾಲಿನಲ್ಲಿ ಅವಳ ಕುರ್ಚಿ ಖಾಲಿ ಉಳಿಯಿತು. ಬಂದವರೆದುರು ಅವಮಾನ. ಮನೆತನದ ಹಿರಿಯ ಅನೋಬಿಲ್ ಸುತ್ತ ಕಣ್ಣಾಡಿಸಿ, ವರ್ಲೀನ್ ಕಡೆಗೆ ಕೋಲು ತೋರಿಸಿದ.

"ನೀನೂ ಸಮುದ್ರದ ಆಚೆಯೋಳೇ ತಾನೆ? ಕೂತ್ಕೋ."

"ನಾನು ತೀರಿಕೊಂಡೋರನ್ನ ನೋಡೇ ಇಲ್ಲ."

"ಅಬಾ ಮಾತ್ರ ಬಂದು ನೋಡಿದ್ಲಾ?"

ಕೈ ಕುಲುಕಲು ಸಾಲಾಗಿ ಬಂದವರು ಹಿಡಿದ ಕೈ ಬಿಡದೆ, ಅವಳೇ ಅಬಾ ಎಂಬಂತೆ ಬೈದರು. "ಅವ್ವ ಸತ್ತಾಗ್ಲೂ ಬರ್ಲಿಲ್ವಲ್ಲೇ, ಕಲ್ಲು ಮನಸ್ಸಿನೋಳೇ." ವರ್ಲೀನ್ ಮೊದಮೊದಲು ತಾನು ಅಬಾ ಅಲ್ಲ ಎಂದು ವಿವರಿಸಿದಳು. ಅದಕ್ಕೂ ಬೈದರು. ಮಧ್ಯಾಹ್ನದ ಹೊತ್ತಿಗೆ "ತಪ್ಪಾಯ್ತು" ಎನ್ನತೊಡಗಿದಳು. ಅದನ್ನು ಕೇಳಿ ಒಬ್ಬ ಮುದುಕಿ ಕೊರಳು ತಬ್ಬಿ ಅತ್ತಾಗ ಅವಳಿಗೂ ಅಳು ಬಂತು. ಯಾರಿಗಾಗಿ ಎಂದು ತಿಳಿಯಲಿಲ್ಲ.

ಅಷ್ಟರಲ್ಲಿ ಟ್ಯಾಕ್ಸಿಯಿಂದ ನಿಜವಾದ ಅಬಾ ಇಳಿದಳು.

"ನನ್ನ ಜಾಗದಲ್ಲಿ ಕೂತಿರೋಳು ಯಾರು?"

"ನೀನೇ," ಎಂದ ಅನೋಬಿಲ್. "ನಿನ್ನ ಬೈದದ್ದೂ ಆಯ್ತು, ಕ್ಷಮಿಸಿದ್ದೂ ಆಯ್ತು. ಇನ್ನೊಂದ್ಸಲ ಯಾರಿಗೆ ಪುರುಸೊತ್ತು?"

ಅಬಾಳನ್ನು ಅತಿಥಿಗಳ ಜೊತೆ ಕೂರಿಸಿ ಬಾಟಲಿ ನೀರು ಕೊಟ್ಟರು. ಊಟದ ಗದ್ದಲದಲ್ಲಿ ಅವಳು ವರ್ಲೀನ್ ಹತ್ತಿರ ಸರಿದಳು.

"ತುಂಬಾ ಬೈದ್ರಾ?"

"ಅಣ್ಣನ ಬಲೆ ಕದ್ದು ಮಾರಿದ್ಯಂತೆ ನೀನು."

"ಬಲೆ ಮಾತ್ರ ಅಂದ್ರಾ? ಸದ್ಯ, ಬದುಕ್ದೆ."

ಸಂಜೆ ಅಬಾ ಹೋಟೆಲಿಗೆ ಹೋದಳು. ವರ್ಲೀನ್ ಹಿತ್ತಲಿಗೆ ಬಂದರೆ ಪಾತ್ರೆಗಳು ಗುಡ್ಡೆ ಬಿದ್ದಿದ್ದವು.

"ನೋಡ್ತಾ ನಿಂತ್ರೆ ಅವೇನು ತಾವಾಗೇ ತೊಳ್ಕೊಳ್ತಾವಾ?" ಎಂದಳು ಎಫುವಾ.

ವರ್ಲೀನ್ ಅಂಗಿಯ ತೋಳು ಮೇಲೇರಿಸಿ ಕೂತಳು. ತಳ ಹಿಡಿದ ಹಂಡೆಗಳನ್ನು ಉಜ್ಜಿ ಉಜ್ಜಿ ರಟ್ಟೆ ಸೋತಿತು. ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಪಕ್ಕದ ಹೆಂಗಸೊಬ್ಬಳು ಅವಳು ತೊಳೆದ ಹಂಡೆಯನ್ನು ಎತ್ತಿ ನೋಡಿ, ಮೂಗು ಮುರಿದು, ಮತ್ತೆ ಅವಳ ಮುಂದೆಯೇ ಇಟ್ಟಳು.