ಆಸ್ಪತ್ರೆಗೊಂದು ಹೊಸ್ತಿಲು

ನಮ್ಮೂರಿಗೆ ಬಂದು ದೇವೀರಮ್ಮನ ಮನೆ ಯಾವುದು ಎಂದರೆ ಯಾರೂ ಹೇಳುವುದಿಲ್ಲ. ‘ಆಸ್ಪತ್ರೆ ದೇವೀರಮ್ಮ’ ಎನ್ನಬೇಕು. ಆಗ ನಾಲ್ಕು ಜನ ಎದ್ದು ದಾರಿ ತೋರಿಸುತ್ತಾರೆ, ಐದನೆಯವರು ಜೊತೆಗೇ ಬರುತ್ತಾರೆ.

ನಮ್ಮೂರು ಬಾಣಾವರಕ್ಕೂ ಕಣಕಟ್ಟೆಗೂ ನಡುವಿನದು. ತೊಂಬತ್ತಾರರ ತನಕ ಇಲ್ಲಿ ಆಸ್ಪತ್ರೆ ಎಂದರೆ ಚನ್ನಪ್ಪನ ಕೊಬ್ಬರಿ ಗೋದಾಮು. ಅರ್ಧದಲ್ಲಿ ಕೊಬ್ಬರಿ, ಅರ್ಧದಲ್ಲಿ ರೋಗಿಗಳು. ಸೂಜಿ ಹಾಕಿಸಿಕೊಂಡವರು ಮನೆಗೆ ಹೋದರೂ ಕೊಬ್ಬರಿ ವಾಸನೆ ಹೊಡೆಯುತ್ತಿದ್ದರಿಂದ, ಡಾಕ್ಟರು ಚುಚ್ಚುವುದು ಎಣ್ಣೆಯನ್ನೇ ಎಂದು ಊರು ನಂಬಿತ್ತು. ಅಲ್ಲಿ ದೇವೀರಮ್ಮ ಹದಿನಾಲ್ಕು ವರ್ಷ ಆಯಾ ಆಗಿದ್ದಳು. ಅವಳ ಚೊಚ್ಚಲ ಕೂಸು ಅರಸೀಕೆರೆ ದೊಡ್ಡಾಸ್ಪತ್ರೆಯ ದಾರಿಯಲ್ಲೇ, ಎತ್ತಿನ ಗಾಡಿಯಲ್ಲಿ ಹೋಗಿಬಿಟ್ಟಿತ್ತು. ಹಾಗಾಗಿ ಸರ್ಕಾರ ಊರಿಗೊಂದು ಸ್ವಂತ ಕಟ್ಟಡ, ಅದರಲ್ಲೊಂದು ಹೆರಿಗೆ ಕೋಣೆ ಕಟ್ಟಿಸುತ್ತದೆ ಎಂದಾಗ, ಯಾರೂ ಹೇಳದಿದ್ದರೂ ಹಸಿ ಗೋಡೆಗೆ ದಿನಾ ಸಂಜೆ ನೀರು ಹೊಡೆದವಳು ಅವಳೇ.

ಕಟ್ಟಡವಾಯಿತು. ಮಂಚ ಬಂತು, ನರ್ಸು ಬಂದರು. ಬಸುರಿಯರು ಮಾತ್ರ ಬರಲಿಲ್ಲ.

ಆರು ತಿಂಗಳಾದ ಮೇಲೆ ಜೀಪಿನಲ್ಲಿ ಒಬ್ಬ ಸಾಹೇಬರು ಬಂದು ಖಾಲಿ ಮಂಚ ನೋಡಿದರು. “ಯುಗಾದಿ ಒಳಗೆ ಒಂದು ಹೆರಿಗೆನಾದ್ರೂ ಆಗ್ಬೇಕು. ಇಲ್ದಿದ್ರೆ ಮಂಚ, ನರ್ಸು ಎರಡೂ ಬೇರೆ ಊರಿಗೆ” ಎಂದು ಹೋದರು.

ದೇವೀರಮ್ಮ ಮನೆ ಮನೆ ತಿರುಗಿದಳು. ಎಲ್ಲರೂ ನಕ್ಕರು, ಮಜ್ಜಿಗೆ ಕೊಟ್ಟರು, ಕಾರಣ ಹೇಳಲಿಲ್ಲ. ಕೊನೆಗೆ ಬಾಯಿಬಿಟ್ಟವಳು ತೆಂಗಿನ ತೋಟದ ವಿಶಾಲಮ್ಮ. ಮಗಳು ಹೇಮಾಶ್ರೀ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

“ಆ ರೂಮಿಗೆ ಹೊಸ್ತಿಲೇ ಇಲ್ವಲ್ಲೇ ದೇವೀರಿ! ಹೊಸ್ತಿಲಿಲ್ದೇ ಇರೋದು ದನದ ಕೊಟ್ಟಿಗೆ ಕಣೇ. ಒಳಗ್ಯಾವ್ದು ಹೊರಗ್ಯಾವ್ದು ಅಂತ ಗಾಳಿ ಪಿಶಾಚಿಗಾದ್ರೂ ಗೊತ್ತಾಗ್ಬೇಡ್ವಾ?”

ದೇವೀರಮ್ಮ ಓಡಿ ಬಂದು ಮಾಲಿನಿ ಡಾಕ್ಟರಿಗೆ ಹೇಳಿದಳು.

“ಮರದ ಪಟ್ಟಿ ಹಾಕಿದ್ರೆ ಗಾಲಿ ಮಂಚ ಹೆಂಗೆ ಉರುಳುತ್ತೆ?” ಎಂದರು ಡಾಕ್ಟರು. “ಬಸುರಿ ಎಗರಿ ಬೀಳ್ತಾಳಷ್ಟೆ.”

ಇಬ್ಬರದೂ ಸರಿಯೇ. ದೇವೀರಮ್ಮ ಮನೆಗೆ ಹೋಗಿ ಗಂಡನ ಮುಂದೆ ಕೂತು ಹೊಸ್ತಿಲ ಮಾತೆತ್ತಿದಳು. ತಮ್ಮಯ್ಯ ಗೋಡೆಗೆ ಬಣ್ಣ ಬಳಿಯುವವನು.

“ದೇವ್ರ ಪಟ ಇಳ್ಸಿ ಬುದ್ಧನ ಫೋಟೋ ಇಟ್ಟು ಎಂಟು ವರ್ಸ ಆಯ್ತು” ಎಂದ ಅವನು. “ಈಗ ಹೊಸ್ತಿಲು ಪೂಜೆ ಸುರು ಮಾಡ್ತೀಯೇನೇ?”

“ಪೂಜೆ ಯಾರ್ ಮಾಡ್ತಾರ್ರೀ? ಬಣ್ಣ ಬಳಿಯಾನ ಅಂದೆ. ಬುದ್ಧ ಬಣ್ಣ ಬ್ಯಾಡ ಅಂದವ್ನಾ?”

ಭಾನುವಾರ ಇಬ್ಬರೂ ಡಬ್ಬಿ ಹಿಡಿದು ಹೋದರು. ತಮ್ಮಯ್ಯ ಬಾಗಿಲ ನೆಲದ ಮೇಲೆ ಗೇಣಗಲ ಕಾವಿ ಪಟ್ಟೆ ಎಳೆದು, ಅಂಚಿಗೆ ನೆರಳು ಕೊಟ್ಟು, ಉಬ್ಬಿದಂತೆ ಮಾಡಿದ. ದೇವೀರಮ್ಮ ಬಿಳಿ ಬಣ್ಣದಲ್ಲಿ ರಂಗೋಲಿ ಎಳೆದಳು. ದೂರದಿಂದ ನೋಡಿದರೆ ಅಪ್ಪಟ ಬೀಟೆ ಮರ.

ಸೋಮವಾರ ಡಾಕ್ಟರು ಕಾಗದ ಓದುತ್ತ ಬಂದವರು ಬಾಗಿಲಲ್ಲಿ ಕಾಲೆತ್ತಿ ದಾಟಿದರು. ಎರಡು ಹೆಜ್ಜೆ ಹೋಗಿ ನಿಂತರು. ಹಿಂದಿರುಗಿ, ಬಗ್ಗಿ, ಬೆರಳಿನಿಂದ ಮುಟ್ಟಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಗಾಲಿ ಉರುಳುತ್ತಾ?”

“ಬೆಣ್ಣೆ ಜಾರ್‍ದಂಗೆ ಜಾರ್ತೈತೆ, ನೋಡಿ” ಎಂದು ದೇವೀರಮ್ಮ ಮಂಚ ತಳ್ಳಿಯೇ ತೋರಿಸಿದಳು.

ಯುಗಾದಿಗೆ ಇನ್ನು ಮೂರೇ ದಿನ ಇರುವಾಗ, ಮಟಮಟ ಮಧ್ಯಾಹ್ನ ಹೇಮಾಶ್ರೀಗೆ ನೋವು ಬಂತು. ಅರಸೀಕೆರೆ ಬಸ್ಸು ಆಗಷ್ಟೇ ಹೋಗಿತ್ತು. ವಿಶಾಲಮ್ಮ ವಿಧಿಯಿಲ್ಲದೆ ಮಗಳನ್ನು ಕರೆತಂದಳು. ಗಾಲಿ ಮಂಚ ಬಾಗಿಲಿಗೆ ಬಂದಾಗ ಅಡ್ಡ ನಿಂತು ನೆಲ ನೋಡಿದಳು.

“ಇದು ಬರೀ ಬಣ್ಣ ಕಣೇ ದೇವೀರಿ!”

“ಹೂಂ ಅಮ್ಮಾವ್ರೇ, ಬಣ್ಣವೇ. ನಿಮ್ ಮನೇಲಿ ಹೊಸ್ತಿಲಿಗೆ ಹಚ್ಚೋ ಅರಿಸಿನ ಕುಂಕುಮ ಇನ್ನೇನು?”

“ಮರ ಬೇರೆ, ಸಿಮೆಂಟು ಬೇರೆ—”

“ಅವ್ವಾ!” ಮಂಚದಿಂದ ಹೇಮಾಶ್ರೀ ಕಿರುಚಿದಳು. “ನೀವಿಬ್ರೂ ಇಲ್ಲೇ ನಿಂತು ಜಗಳ ಆಡ್ಕಳಿ. ನಾನು ಒಳಕ್ಕೋಗ್ತೀನಿ!”

ವಿಶಾಲಮ್ಮ ಬಗ್ಗಿ ಪಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಗಾಲೆತ್ತಿ ದಾಟಿದಳು. ಹಿಂದೆಯೇ ಮಂಚ ಸದ್ದಿಲ್ಲದೆ ಒಳಗೆ ಹೋಯಿತು. ನಾಲ್ಕು ಗಂಟೆಗೆ ಹೆಣ್ಣು ಮಗು. ಅದರ ಅಳು ಬಸ್‌ಸ್ಟ್ಯಾಂಡಿನ ತನಕ ಕೇಳಿತು. ದೇವೀರಮ್ಮ ವರಾಂಡಕ್ಕೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದಳು.

ಯುಗಾದಿಯ ಹಿಂದಿನ ದಿನವೇ ಜೀಪು ಬಂತು. ಸಾಹೇಬರು ದಾಪುಗಾಲು ಹಾಕುತ್ತ ಕೋಣೆಯತ್ತ ನಡೆದರು. ಬಾಗಿಲಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದ ವಿಶಾಲಮ್ಮ ಕೈ ಅಡ್ಡ ಹಿಡಿದಳು.

“ಯಾರಪ್ಪಾ ನೀನು? ಬೂಟು ಆಚೆ ಬಿಟ್ಟು ಬಾ. ಬಾಣಂತಿ ಇರೋ ಮನೆ ಇದು.”

ಸಾಹೇಬರು ದೇವೀರಮ್ಮನ ಮುಖ ನೋಡಿದರು. ಅವಳು ಸೂರು ನೋಡುತ್ತಿದ್ದಳು. ಅವರು ಬೂಟು ಬಿಚ್ಚಿ, ಬರಿಗಾಲಲ್ಲೇ ಒಳಗೆ ಹೋಗಿ, ಮಂಚ, ನರ್ಸು ಎರಡೂ ಇಲ್ಲೇ ಇರತಕ್ಕದ್ದು ಎಂದು ನಿಂತೇ ಬರೆದರು.