ಮೈನಸ್ ಇಪ್ಪತ್ತಾರರಲ್ಲಿ ಗಾಡಿ ಪೂಜೆ

ಕಳೆದ ತಿಂಗಳು ಒಂದು ಶುಕ್ರವಾರ ಬೆಳಿಗ್ಗೆ ನಾನು ನಮ್ಮ ಕಾರನ್ನು ಡಿಕ್ಕಿಯಿಂದ ಹತ್ತಿದೆ.

ಮೊದಲು ತಲೆ, ಆಮೇಲೆ ಹೊಟ್ಟೆ, ಕೊನೆಗೆ ಬೂಟು. ನಡುವೆ ಎಲ್ಲೋ ಜಾಕೆಟ್ಟಿನ ಝಿಪ್ಪು ಸೀಟ್‌ಬೆಲ್ಟಿಗೆ ಸಿಕ್ಕಿಕೊಂಡಿತು. ಹಿಂದೆ ನಿಂತಿದ್ದ ಮಗಳು ಪೂರ್ವಿ ಸಹಾಯ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ವಿಡಿಯೋ ಮಾಡುತ್ತಿದ್ದಳು.

ನಲವತ್ತು ದಾಟಿದ ಹೆಂಗಸು ಸ್ವಂತ ಕಾರಿಗೆ ಕಳ್ಳಿಯ ಹಾಗೆ ನುಗ್ಗುವ ಗತಿ ಯಾಕೆ ಬಂತು ಅಂತೀರಾ? ಭಕ್ತಿಯಿಂದ. ನನ್ನದಲ್ಲ, ನಮ್ಮ ಯಜಮಾನರದು.

ಅವತ್ತು ನನ್ನ ಡ್ರೈವಿಂಗ್ ಟೆಸ್ಟ್ ಇತ್ತು. ಮೊದಲೊಂದು ಸಲ ಫೇಲಾಗಿದ್ದೆ. (ಪಾರ್ಕಿಂಗ್ ಮಾಡುವಾಗ ಕಂಬವೇ ನನ್ನ ಕಡೆ ಬಂತು ಅಂತ ಈಗಲೂ ನನ್ನ ವಾದ.) ಈ ಸಲ ಫೇಲಾಗುವ ಹಾಗಿರಲಿಲ್ಲ. ಧಾರವಾಡದಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದವಳು ನಾನು. ಈ ಹಿಮದ ದೇಶಕ್ಕೆ ಬಂದು ವರ್ಷಗಟ್ಟಲೆ ಗೋಡೌನಿನಲ್ಲಿ ಡಬ್ಬಿಗೆ ಟೇಪ್ ಅಂಟಿಸಿದ ಮೇಲೆ ಕೊನೆಗೂ ನ್ಯೂಮಾರ್ಕೆಟ್ಟಿನ ಒಂದು ಕ್ಲಿನಿಕ್ಕಿನಲ್ಲಿ ನನ್ನ ಓದಿಗೆ ತಕ್ಕ ಕೆಲಸ ಸಿಕ್ಕಿತ್ತು. ಶಿಫ್ಟ್ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ನಾವಿರುವುದು ದೂರದ ಮಾಲ್ಟನ್ನಿನಲ್ಲಿ. ಬಸ್ಸು ನಂಬಿಕೊಂಡರೆ ಹಿಂದಿನ ದಿನವೇ ಹೊರಡಬೇಕು. ಲೈಸೆನ್ಸ್ ಇದ್ದರೆ ಕೆಲಸ, ಇಲ್ಲದಿದ್ದರೆ ಮತ್ತೆ ಟೇಪು. ಆ ಕೆಲಸ ನನಗೆ ಬೇಕಿತ್ತು. ತುಂಬಾ ಬೇಕಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಯಜಮಾನರು ಕೈಯಲ್ಲಿ ಬಕೆಟ್ ಹಿಡಿದು, ತಲೆಗೆ ಮಂಗನ ಟೋಪಿ ಹಾಕಿ ಬಾಗಿಲಲ್ಲಿ ನಿಂತಿದ್ದಾರೆ. ಬಕೆಟ್ಟಿನಿಂದ ಹಬೆ ಏಳುತ್ತಿದೆ.

"ಏನ್ರೀ ಇದು?"

"ಗಾಡಿ ಪೂಜಾ ಮಾಡಬೇಕು. ಹೋದ ಸಲ ಮಾಡಲಿಲ್ಲ, ಏನಾತು ನೋಡಿದಿ ಹೌದಿಲ್ಲೊ?"

"ಪೂಜಾ ಮಾಡ್ರಿ. ನೀರ್ಯಾಕ?"

"ಹಿಮಕ್ಕಂತ ರಸ್ತೆಗೆ ಹಾಕಿದ ಉಪ್ಪು ಬಡದು ಬೆಳ್ಳಗಾಗೇದ ಗಾಡಿ. ತೊಳೀಲಾರದ ಕುಂಕುಮ ಹಚ್ಚತಾರೇನು?"

"ರೀ, ಹೊರಗ ಮೈನಸ್ ಇಪ್ಪತ್ತಾರು ಅದ!"

"ಅದಕ್ಕ ಬಿಸಿನೀರು ತಗೊಂಡೇನಿ. ಅಷ್ಟೂ ತಿಳಿಯಂಗಿಲ್ಲೇನು ನನಗ?"

ಪೂರ್ವಿ ಸೀರಿಯಲ್ ತಿನ್ನುತ್ತಲೇ ಅಂದಳು: "ಪಪ್ಪಾ, ದಟ್ಸ್ ನಾಟ್ ಹೌ ವಾಟರ್ ವರ್ಕ್ಸ್." ಆದರೆ ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಓಡಿಸಿದ ಗಂಡಸಿಗೆ ಹೈಸ್ಕೂಲ್ ಹುಡುಗಿ ನೀರಿನ ವಿಷಯ ಹೇಳುವುದೇ? ಎಲ್ಲಾದರೂ ಉಂಟೇ?

(ಕಾರು ಹೊರಗೆ ಯಾಕಿತ್ತು, ಗ್ಯಾರೇಜ್ ಇಲ್ಲವೇ ಅಂತ ಕೇಳಬೇಡಿ. ಇದೆ. ಅದರಲ್ಲಿ ಊರಿಂದ ತಂದ ಸೂಟ್‌ಕೇಸು, ಅಕ್ಕಿ ಚೀಲ, ಹಳೇ ಟ್ರೆಡ್‌ಮಿಲ್ಲು ಎಲ್ಲ ಬೆಚ್ಚಗಿವೆ. ನಿಮ್ಮ ಮನೆಯಲ್ಲೂ ಅಷ್ಟೇ ತಾನೇ?)

ಒಂದಲ್ಲ, ಬಕೆಟ್ ಮೇಲೆ ಬಕೆಟ್ ಸುರಿದರು. ಪಕ್ಕದ ಮನೆಯ ಪಂಜಾಬಿ ಪಾಜಿ ಹಿಮ ಎತ್ತುತ್ತಿದ್ದವರು ಸಲಿಕೆ ನಿಲ್ಲಿಸಿ, "ಭಾಯಿಸಾಬ್, ಪಾನೀ?" ಅಂದರು. ಅವರ ಧ್ವನಿಯಲ್ಲಿ ನಿಜವಾದ ಗಾಬರಿ ಇತ್ತು. ನಮ್ಮವರು ಕೈಬೀಸಿ ನಕ್ಕರು. ಬಾನೆಟ್ಟಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಎರಡು ಊದುಬತ್ತಿ, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು. ಪೂಜೆಗೇನೂ ಕೊರತೆಯಾಗಲಿಲ್ಲ. ತೆಂಗಿನಕಾಯಿ ಒಡೆಯಲು ಬಗ್ಗಿದಾಗ ತಾವೇ ನೀರು ಸುರಿದು ಮಾಡಿದ ಐಸ್ ರಿಂಕಿನ ಮೇಲೆ ಜಾರಿ ಗಾಡಿಗೆ ಸಾಷ್ಟಾಂಗ ನಮಸ್ಕಾರವನ್ನೂ ಹಾಕಿದರು.

ನಾನು ರೆಡಿಯಾಗಿ ಬಂದು ಬಾಗಿಲು ಎಳೆದೆ. ಬರಲಿಲ್ಲ. ಇನ್ನೊಂದು ಎಳೆದೆ. ಊಹೂಂ. ಬಾಗಿಲ ಸಂದಿಗೆಲ್ಲ ಇಳಿದ ಬಿಸಿನೀರು ಹೆಪ್ಪುಗಟ್ಟಿ ನಾಲ್ಕೂ ಬಾಗಿಲು ಕಾರಿಗೆ ಬೆಸುಗೆ ಹಾಕಿದಂತೆ ಕೂತಿದ್ದವು. ಡಿಕ್ಕಿ ಮಾತ್ರ ತೆರೆಯಿತು, ಯಾಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ಗೀಸರಿನ ನೀರು ಮುಗಿದಿತ್ತು. ಯಜಮಾನರ ಸೊಂಟ ಆಗಲೇ ಗಾಡಿಗೆ ಅರ್ಪಣೆಯಾಗಿತ್ತು. ಹಾಗಾಗಿ ನುಗ್ಗಿದ್ದು ನಾನು.

ಹೀಟರ್ ಜೋರು ಮಾಡಿ, ಒಳಗಿನಿಂದ ಭುಜ ಕೊಟ್ಟು ದಬ್ಬಿ ದಬ್ಬಿ ಡ್ರೈವರ್ ಬಾಗಿಲು, ಹಿಂದಿನದೊಂದು ತೆಗೆದೆವು. ಯಜಮಾನರು ಗಾಡಿ ಬಿಟ್ಟರು. ಕೆಳಗಿನ ಲಿಂಬೆಹಣ್ಣು ಪಚಕ್ಕನೆ ಒಡೆಯಬೇಕು ತಾನೇ? ಕಲ್ಲಾಗಿದ್ದ ಅದು ಟಣ್ಣನೆ ಹಾರಿ ಪಾಜಿಯ ಗ್ಯಾರೇಜ್ ಬಾಗಿಲಿಗೆ ಬಡಿಯಿತು.

ಟೆಸ್ಟ್ ಸೆಂಟರ್ ತಲುಪಿದರೂ ಮುಂದಿನ ಎಡಬಾಗಿಲು... ಅಲ್ಲಲ್ಲ, ಇಲ್ಲಿ ಬಲಬಾಗಿಲು, ಜಪ್ಪಯ್ಯ ಅನ್ನಲಿಲ್ಲ. ಎಗ್ಸಾಮಿನರ್ ಕೂರುವ ಬಾಗಿಲೇ ಅದು. ಯಜಮಾನರು ಕೈ ಹಚ್ಚಿದರು, ಮೊಣಕಾಲು ಹಚ್ಚಿದರು, ಆಮೇಲೆ ಫ್ಲಾಸ್ಕ್ ಎತ್ತಿಕೊಂಡು, "ಚಹಾ ಅದ, ಸುರೀಲೇನು?" ಅಂದರು. ನಾನು ನೋಡಿದ ನೋಟಕ್ಕೆ ಫ್ಲಾಸ್ಕ್ ಮುಚ್ಚಿಟ್ಟರು.

ಎಗ್ಸಾಮಿನರ್ ಬಂದರು. ಬಾಗಿಲು ಎಳೆದರು. ಬಾನೆಟ್ಟಿನ ಬೂದಿ, ಕೆಂಪು ನೋಡಿದರು. "ಏನಾದರೂ ಆ್ಯಕ್ಸಿಡೆಂಟ್ ಆಗಿತ್ತಾ?" ಅಂತ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು. ಹೌದು ಸ್ವಾಮಿ, ಮದುವೆ ಅಂತ ಹೇಳೋಣ ಅನ್ನಿಸಿತು. ಬಾಗಿಲು ತೆರೆಯದ ಗಾಡಿಯಲ್ಲಿ ಟೆಸ್ಟ್ ಮಾಡುವ ಹಾಗಿಲ್ಲ ಅಂತ ಹೇಳಿ ಅವರು ಬೆಚ್ಚಗೆ ಒಳಗೆ ಹೋದರು. ಸ್ಟೇರಿಂಗ್ ಮುಟ್ಟುವ ಮೊದಲೇ ನನ್ನ ಟೆಸ್ಟ್ ಮುಗಿಯಿತು.

ನನಗೆ ಅಳು ಬಂತು. ಸಿಟ್ಟೂ ಬಂತು.

ಇದೇನು ನಮ್ಮ ಹಣೆಬರಹವೋ ನೋಡಿ. ಗಾಡಿ ಜೊತೆ ಬಂದ ಪುಸ್ತಕದ ಪ್ಲಾಸ್ಟಿಕ್ಕನ್ನೂ ನಾವು ಬಿಚ್ಚುವುದಿಲ್ಲ. ಬ್ಯಾಟರಿ ಚೆಕ್ ಮಾಡಿಸು ಅಂದರೆ ನಾಳೆ ಅಂತೀವಿ. ಲಿಂಬೆಹಣ್ಣು ಮಾತ್ರ ಯಾವತ್ತೂ ಸ್ಟಾಕಿನಲ್ಲಿರುತ್ತದೆ. ದೇವರಾದರೂ ಎಷ್ಟು ಅಂತ ನೋಡಿಕೊಳ್ಳಬೇಕು? ಅವನು ಕಾಪಾಡುತ್ತಾನೆ ನಿಜ, ಬಾಗಿಲಿನ ರಬ್ಬರಿಗೆ ಹಿಮ ಹಿಡಿಯದ ಹಾಗೆ ಸಿಲಿಕೋನ್ ಹಚ್ಚಿಕೊಡುವುದಿಲ್ಲವಲ್ಲ!

ಕ್ಲಿನಿಕ್ಕಿನ ಮ್ಯಾನೇಜರಿಗೆ ಫೋನ್ ಮಾಡಿದೆ. ಗಂಡ ಕಾರಿಗೆ ಸ್ನಾನ ಮಾಡಿಸಿದ ಅಂತ ಯಾವ ಬಾಯಲ್ಲಿ ಹೇಳಲಿ? "ಕಾರ್ ಟ್ರಬಲ್" ಅಂದೆ. "ಈ ಚಳಿಗೆ ಎಲ್ಲರದೂ ಅದೇ ಕತೆ" ಅಂತ ಆಕೆ ನಕ್ಕು ಮುಂದಿನ ತಿಂಗಳ ಕೊನೆಯ ತನಕ ಟೈಮ್ ಕೊಟ್ಟರು. ಹೊಸ ಟೆಸ್ಟ್ ಸ್ಲಾಟಿಗಾಗಿ ಹಗಲೆಲ್ಲ ಫೋನ್ ತಿಕ್ಕಿದೆ. ಯಾರೋ ಪುಣ್ಯಾತ್ಮರು ಚಳಿಗೆ ಹೆದರಿ ಕ್ಯಾನ್ಸಲ್ ಮಾಡಿದ್ದು ಮೊನ್ನೆ ನನಗೆ ಸಿಕ್ಕಿತು.

ಈ ಸಲ ಬಕೆಟ್ಟನ್ನು ಬಚ್ಚಿಟ್ಟೆ. ಬೂದುಬಣ್ಣಕ್ಕೆ ತಿರುಗಿದ್ದ ಹೊಲಸು ಗಾಡಿಯಲ್ಲೇ ಹೋದೆ. ನಾಲ್ಕೂ ಬಾಗಿಲು ಮೆತ್ತಗೆ ತೆರೆದವು. ಕಂಬವೂ ಇದ್ದಲ್ಲೇ ಇತ್ತು. ಪಾಸಾದೆ!

ಸೆಂಟರಿನ ಒಳಗೆ ಬೆಚ್ಚಗೆ ಕೂತಿದ್ದ ಯಜಮಾನರು ಓಡೋಡಿ ಬಂದರು. ಕಾರಿನ ಗಾಜಿಗೆ ಮುಖ ಹಚ್ಚಿ, ಊರಗಲ ನಗುತ್ತಾ ಅಂದರು: "ನೋಡಿದಿ? ಅವತ್ತು ಮಾಡಿದ ಪೂಜಾದ ಫಲ ಇದು!"

ನಾನು ಡ್ರೈವರ್ ಸೀಟಿನಲ್ಲೇ ಕೂತಿದ್ದೆ. ಬಾಗಿಲುಗಳ ಲಾಕ್ ಒತ್ತಿದೆ. ಗಾಜು ನಾಲ್ಕು ಬೆರಳಿನಷ್ಟು ಇಳಿಸಿದೆ.

"ಡಿಕ್ಕಿ ತಗದೇನ್ರೀ, ಹಿಂದಿಂದ ಬರ್ರಿ."